ನೀರುಗಂಟಿಯ ಕಾಯಕ ಮತ್ತು ಅರಿವು: ಗ್ರಾಮೀಣ ಕುಡಿಯುವ ನೀರಿನ ನಿರ್ವಾಹಕರ ತರಬೇತಿಯನ್ನು ಕುರಿತು

ಕನ್ನಡನಾಡಿನ ಗ್ರಾಮವ್ಯವಸ್ಥೆಯನ್ನು ಕುರಿತು ಬರೆದವರು ಹನ್ನೆರಡು ಮಂದಿ ಆಯಗಾರರನ್ನು ತಪ್ಪದೆ ಪ್ರಸ್ತಾಪಿಸುತ್ತಾರೆ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಆಯಗಾರರನ್ನು ವಿವರಿಸುವಾಗ ನೀರುಗಂಟಿಯನ್ನೂ ಹೆಸರಿಸಿದ್ದಾನೆ. ಕೆರೆಯ ತೂಬನ್ನು ತೆರೆಯುವುದು, ಮುಚ್ಚುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದಲ್ಲಿ ಕೋಡಿಯ ಮೇಲೆ ಕಣ್ಣಿಡುವುದು ಅವನ ಹೊಣೆಗಳಾಗಿದ್ದವು. ಸುಗ್ಗಿಯ ಕಾಲದಲ್ಲಿ ಕಣದಿಂದ ಸಲ್ಲುವ ಧಾನ್ಯದ ಪಾಲು ಹಾಗೂ ಕೆಲವೆಡೆ ಇನಾಮು ಭೂಮಿ ಅವನ ಸಂಭಾವನೆ. ಹಲವು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದಿತ್ತು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದ ಕೈಗೆ ಊರೊಳಗಿನ ಬಾವಿಯ ಹಗ್ಗ ನಿಷಿದ್ಧವಾಗಿತ್ತೆಂಬುದನ್ನು ನಮ್ಮ ನೀರಾವರಿ ಚರಿತ್ರೆಗಳು ಸಾಕಷ್ಟು ಗಮನಿಸಿದಂತಿಲ್ಲ.

ಆಯಗಾರ ಪದ್ಧತಿ ಅಳಿದರೂ ನೀರುಗಂಟಿ ಎಂಬ ಪದ ಉಳಿದಿದೆ. ಗ್ರಾಮ ಪಂಚಾಯತಿಯಲ್ಲಿ ಕೊಳವೆಬಾವಿಯ ಮೋಟಾರು ಚಾಲೂ ಮಾಡಿ, ಮೇಲ್ತೊಟ್ಟಿ ತುಂಬಿಸಿ, ಬೀದಿಬೀದಿಗೆ ವಾಲ್ವು ತಿರುಗಿಸುವ ನೌಕರನನ್ನು ಹಳೆಯ ಮೈಸೂರು ಭಾಗದಲ್ಲಿ ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ವಾಟರ್‌ಮನ್ ಎಂಬುದು ಇನ್ನೊಂದು ಹೆಸರು. ಹೆಸರು ಹಳೆಯದಾದರೂ ಕೆಲಸದ ಸ್ವರೂಪ ಮೂಲದಲ್ಲೇ ಬೇರೆಯಾಗಿದೆ. ಗದ್ದೆಗೆ ನೀರು ತಪ್ಪಿದರೆ ಪೈರು ಬಾಡುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕುಡಿಯುವ ನೀರು ಕೆಟ್ಟರೆ ಅದರ ಬಣ್ಣ, ರುಚಿ, ವಾಸನೆ ಮೊದಲಿನಂತೆಯೇ ಇರಬಹುದು. ಕಣ್ಣಳತೆಯ ಅನುಭವದಿಂದ ನಡೆಯುತ್ತಿದ್ದ ವೃತ್ತಿ ಹೀಗೆ ಕಣ್ಣಿಗೆ ಕಾಣದ ಅಪಾಯವನ್ನು ಅಳೆಯಬೇಕಾದ ವೃತ್ತಿಯಾಗಿ ಪರಿಣಮಿಸಿತು. ಆದರೆ ಆ ಅಳತೆಯನ್ನು ಕಲಿಸುವ ಏರ್ಪಾಡು ಅದೇ ವೇಗದಲ್ಲಿ ಬೆಳೆಯಲಿಲ್ಲ.

ಈ ಸ್ಥಿತ್ಯಂತರದ ಘಟ್ಟಗಳನ್ನು ಸಂಕ್ಷೇಪವಾಗಿ ಗುರುತಿಸಬಹುದು. ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯಿದೆ ವಂಶಪಾರಂಪರ್ಯ ಹುದ್ದೆಗಳಿಗೆ ಅಂತ್ಯ ಹಾಡಿತು. 1983ರ ನಂತರ ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದ ಅವಧಿಯಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿಗಳು ಬಂದವು; ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಕೈಪಂಪಿಗೆ ದಿನನಿತ್ಯದ ನಿರ್ವಾಹಕ ಬೇಕಿರಲಿಲ್ಲ. ವಿದ್ಯುತ್ ಪಂಪು, ತೊಟ್ಟಿ, ಕೊಳವೆಸಾಲು ಸೇರಿದ ಕಿರು ನೀರು ಸರಬರಾಜು ಯೋಜನೆಗಳು ಬಂದಾಗ ಆತ ಅನಿವಾರ್ಯನಾದ. ಸಂವಿಧಾನದ 73ನೆಯ ತಿದ್ದುಪಡಿ ಹಾಗೂ 1993ರ ಪಂಚಾಯತ್ ರಾಜ್ ಅಧಿನಿಯಮದ ತರುವಾಯ ಈ ಹೊಣೆ ಗ್ರಾಮ ಪಂಚಾಯತಿಯದಾಯಿತು. 2019ರಲ್ಲಿ ಆರಂಭವಾದ ಜಲಜೀವನ ಅಭಿಯಾನವು ಪ್ರತಿ ಮನೆಗೂ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿಸಿಕೊಂಡಿತು. ಅದನ್ನು 2028ರವರೆಗೆ ವಿಸ್ತರಿಸುವ ಘೋಷಣೆ 2025ರ ಕೇಂದ್ರ ಮುಂಗಡಪತ್ರದಲ್ಲಿ ಹೊರಬಿತ್ತು. ಕೊಳವೆ ಹೂಳುವುದು ಗುತ್ತಿಗೆದಾರನ ಕೆಲಸ, ಅದು ಮುಗಿಯುತ್ತದೆ. ಹೂತ ಕೊಳವೆಯಲ್ಲಿ ಶುದ್ಧ ನೀರು ಹರಿಯುವಂತೆ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ, ಅದಕ್ಕೆ ಮುಕ್ತಾಯವಿಲ್ಲ.

ಆತನಿಗೆ ತಿಳಿದಿರಬೇಕಾದುದೇನು ಎಂಬುದನ್ನು ತುಸು ವಿವರವಾಗಿ ನೋಡಬೇಕು. ಮೊದಲನೆಯದು ಯಂತ್ರದ ಅರಿವು. ಮೂರು ಫೇಸಿನ ವಿದ್ಯುತ್ತಿನಲ್ಲಿ ಒಂದು ಫೇಸು ಕಡಿತಗೊಂಡಾಗ ಮೋಟಾರು ಉಳಿದೆರಡರಿಂದ ಮಿತಿಮೀರಿದ ವಿದ್ಯುತ್ತನ್ನು ಎಳೆದು ಸುರುಳಿ ಸುಟ್ಟುಕೊಳ್ಳುತ್ತದೆ. ಕೊಳವೆಬಾವಿಯ ನೀರು ಪಂಪಿನ ಮಟ್ಟಕ್ಕಿಂತ ಕೆಳಗಿಳಿದರೆ ಆಮೀಟರಿನ ಮುಳ್ಳು ಎಂದಿಗಿಂತ ಕೆಳಗೆ ಬರುತ್ತದೆ. ಈ ಮುಳ್ಳನ್ನು ದಿನವೂ ಓದಿ ಬರೆದಿಡುವವನಿಗೆ ಬೇಸಗೆಯ ಬರ ವಾರಗಳ ಮುಂಚೆಯೇ ತಿಳಿಯುತ್ತದೆ. ಓದದವನಿಗೆ ಮೋಟಾರು ಸುಟ್ಟ ದಿನ ತಿಳಿಯುತ್ತದೆ.

ಎರಡನೆಯದು ಕೊಳವೆಸಾಲಿನ ಅರಿವು. ನಮ್ಮ ಹಳ್ಳಿಗಳಲ್ಲಿ ನೀರು ದಿನವಿಡೀ ಹರಿಯುವುದಿಲ್ಲ. ನೀರು ನಿಂತೊಡನೆ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ತಗ್ಗಿನ ಮನೆಯವರು ನೀರೆಳೆದರೆ ಅದು ಹೊರಗಿನ ಒತ್ತಡಕ್ಕಿಂತಲೂ ಕಡಿಮೆಯಾಗಬಹುದು. ಆಗ ಒಡಕು ಬೆಸುಗೆಯ ಬಳಿ, ನೀರು ನಿಂತ ವಾಲ್ವಿನ ಗುಂಡಿಯಲ್ಲಿ, ಚರಂಡಿಯನ್ನು ಹಾಯ್ದು ಹೋದ ಮನೆ ಸಂಪರ್ಕದ ತುಂಡಿನಲ್ಲಿ ಹೊರಗಿನ ಕೊಳಕು ಒಳಸೇರುತ್ತದೆ. ತೊಟ್ಟಿಯಲ್ಲಿ ಶುದ್ಧವಾಗಿದ್ದ ನೀರು ಬೀದಿಯ ಕೊನೆಯಲ್ಲಿ ರೋಗಕಾರಕವಾಗುವುದು ಹೀಗೆ. ಆದಕಾರಣ ಪರೀಕ್ಷೆ ನಡೆಯಬೇಕಾದುದು ತೊಟ್ಟಿಯ ಬುಡದಲ್ಲಿ ಮಾತ್ರವಲ್ಲ, ಕೊನೆಯ ಮನೆಯ ನಲ್ಲಿಯಲ್ಲಿ.

ಮೂರನೆಯದು ಕ್ಲೋರಿನ್ ಬಳಕೆ. ಇಲ್ಲಿಯೇ ತರಬೇತಿಯ ನಿಜವಾದ ಸತ್ವಪರೀಕ್ಷೆ. 50,000 ಲೀಟರಿನ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕೆಂದಿಟ್ಟುಕೊಳ್ಳೋಣ. ಬ್ಲೀಚಿಂಗ್ ಪೌಡರಿನಲ್ಲಿ ಶೇಕಡ 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿ ಸಾಕು. ಆದರೆ ತೇವ, ಬಿಸಿಲು, ಗಾಳಿಗೆ ತೆರೆದ ಚೀಲದಲ್ಲಿ ಅದರ ಶಕ್ತಿ ಕುಂದುತ್ತದೆ. ಅರ್ಧಕ್ಕಿಳಿದರೆ ಅದೇ ತೊಟ್ಟಿಗೆ 800 ಗ್ರಾಂ ಬೇಕು. ‘ಇಷ್ಟು ಹಿಡಿ ಹಾಕು’ ಎಂದಷ್ಟೇ ಕಲಿತವನು ಹಳೆಯ ಚೀಲದಿಂದ ಅದೇ ಹಿಡಿಯನ್ನು ಹಾಕಿ ನಿಶ್ಚಿಂತನಾಗುತ್ತಾನೆ. ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಕನಿಷ್ಠ ಅರ್ಧ ಗಂಟೆಯಾದರೂ ಕಳೆದ ಮೇಲೆ ನೀರು ಬಿಡಬೇಕು. ಭಾರತೀಯ ಮಾನಕದ ಪ್ರಕಾರ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಕ್ಲೋರೋಸ್ಕೋಪಿನ ಕೊಳವೆಯಲ್ಲಿ ನೀರಿಗೆ ದ್ರಾವಣದ ಕೆಲವು ಹನಿ ಬಿಟ್ಟು, ಮೂಡುವ ಹಳದಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಇದು ತಿಳಿಯುತ್ತದೆ. ಈ ಕೆಲಸಕ್ಕೆ ಪದವಿ ಬೇಕಿಲ್ಲ. ಯಾಕೆ ಮಾಡಬೇಕೆಂಬ ತಿಳಿವಳಿಕೆ ಮಾತ್ರ ಬೇಕು.

ಆ ತಿಳಿವಳಿಕೆಯ ಅಭಾವಕ್ಕೆ ತೆರಬೇಕಾದ ಬೆಲೆಯನ್ನು ತೋರಿಸುವ, ಚೆನ್ನಾಗಿ ದಾಖಲಾದ ಪ್ರಸಂಗವೊಂದು ಕೆನಡಾ ದೇಶದ್ದು. ಒಂಟಾರಿಯೊ ಪ್ರಾಂತದ ವಾಕರ್ಟನ್ ಸುಮಾರು 4,800 ಜನವಸತಿಯ ಊರು. 2000ದ ಮೇ ತಿಂಗಳಲ್ಲಿ ಬಿದ್ದ ಭಾರಿ ಮಳೆಗೆ ದನಗಳ ಸಗಣಿಯ ರೋಗಾಣುಗಳು ಅಲ್ಲಿನ ಆಳವಿಲ್ಲದ ಬಾವಿಯೊಂದನ್ನು ಸೇರಿದವು. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣೆಯಲ್ಲಿ ಹೊರಬಂದ ಸಂಗತಿ ನಮ್ಮ ಪಂಚಾಯತಿಗಳಿಗೂ ಅಪರಿಚಿತವಲ್ಲ. ನಿರ್ವಾಹಕರು ಉಳಿಕೆ ಕ್ಲೋರಿನ್ನನ್ನು ದಿನವೂ ಅಳೆಯುತ್ತಿರಲಿಲ್ಲ; ಅಳೆಯದ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಕ್ಲೋರಿನ್ ರುಚಿಯ ಬಗ್ಗೆ ಊರವರ ಆಕ್ಷೇಪಣೆಯಿದ್ದುದರಿಂದ ಪ್ರಮಾಣವನ್ನು ಕಡಿಮೆ ಮಾಡುತ್ತಿದ್ದರು. ಅವರಿಗೆ ಪ್ರಮಾಣಪತ್ರವಿತ್ತು, ಆದರೆ ಅದು ಪರೀಕ್ಷೆಯಿಲ್ಲದೆ ಕೇವಲ ಸೇವಾನುಭವದ ಮೇಲೆ ದೊರೆತದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಶುದ್ಧೀಕರಿಸದ ಆ ನೀರನ್ನು ಅವರೇ ಕುಡಿಯುತ್ತಿದ್ದರು. ಆದ್ದರಿಂದ ಇದನ್ನು ಕೇವಲ ದುರುಳತನವೆನ್ನಲಾಗದು. ಸುಳ್ಳು ಅಂಕಿ ಬರೆದದ್ದು ತಪ್ಪೇ, ಆ ತಪ್ಪಿನ ಬೇರು ಅಪಾಯವನ್ನೇ ಅರಿಯದಿದ್ದುದರಲ್ಲಿತ್ತು. ವಿಚಾರಣೆಯ ಬಳಿಕ ಆ ಪ್ರಾಂತದಲ್ಲಿ ನಿರ್ವಾಹಕರಿಗೆ ತರಬೇತಿ ಕಡ್ಡಾಯವಾಯಿತು. 2004ರಲ್ಲಿ ಅದೇ ಊರಿನಲ್ಲಿ ತರಬೇತಿ ಕೇಂದ್ರವೊಂದು ಸ್ಥಾಪನೆಗೊಂಡಿತು.

ನಮ್ಮಲ್ಲಿ ತರಬೇತಿ ನಡೆದೇ ಇಲ್ಲವೆನ್ನಲಾಗದು. ಆದರೆ ಅದರ ಸಾಮಾನ್ಯ ರೂಪ ತಾಲ್ಲೂಕು ಕೇಂದ್ರದ ಸಭಾಂಗಣದ ಒಂದೆರಡು ದಿನಗಳ ಉಪನ್ಯಾಸ. ನೀರುಗಂಟಿಯ ತಿಳಿವಳಿಕೆ ಕೈಯಲ್ಲಿದೆ, ಕಿವಿಯಲ್ಲಿದೆ. ಪಂಪಿನ ಸದ್ದು ಬದಲಾದುದನ್ನು ಆತ ಮೀಟರಿಗಿಂತ ಮುಂಚೆ ಗುರುತಿಸಬಲ್ಲ. ಅಂಥವನಿಗೆ ಆತನದೇ ವಾಲ್ವಿನ ಗುಂಡಿಯ ಪಕ್ಕದಲ್ಲಿ ನಿಂತು ಕಲಿಸುವುದು ಹೆಚ್ಚು ಫಲಕಾರಿ. ಅಮೆರಿಕದ ಗ್ರಾಮೀಣ ಪ್ರದೇಶಗಳಲ್ಲಿಯೂ ಕೆನಡಾದ ಮೂಲನಿವಾಸಿಗಳ ಊರುಗಳಲ್ಲಿಯೂ ಇರುವ ಸಂಚಾರಿ ತರಬೇತುದಾರರ ಪದ್ಧತಿ ಇಂಥದು. ಅನುಭವಿ ತಂತ್ರಜ್ಞನೊಬ್ಬ ನಿಗದಿತ ಊರುಗಳನ್ನು ವರ್ಷವಿಡೀ ಸುತ್ತುತ್ತಾನೆ, ಅಲ್ಲಿನ ಯಂತ್ರದ ಮೇಲೆಯೇ ಕಲಿಸುತ್ತಾನೆ, ತೊಡಕಾದಾಗ ದೂರವಾಣಿಯಲ್ಲಿ ದೊರೆಯುತ್ತಾನೆ. ತಾಲ್ಲೂಕಿಗೊಬ್ಬರಂತೆ ಇಂಥವರನ್ನು ನೇಮಿಸುವುದು, ಹತ್ತಾರು ಕಾರ್ಯಾಗಾರಗಳಿಗಿಂತ ಲೇಸೆಂದು ಈ ಲೇಖಕನ ಅಭಿಪ್ರಾಯ.

ತರಬೇತಿಯೊಂದರಿಂದಲೇ ಎಲ್ಲವೂ ಸರಿಹೋಗದೆಂಬುದೂ ನಿಜ. ಸಂಬಳ ತಿಂಗಳುಗಟ್ಟಲೆ ತಡವಾದರೆ, ಪುಡಿಯ ಚೀಲ ಸಕಾಲಕ್ಕೆ ಬಾರದಿದ್ದರೆ, ರಾತ್ರಿ ಮೂರು ಫೇಸು ಬಂದಾಗ ಎದ್ದು ಹೋಗುವವನಿಗೆ ಬದಲಿ ಆಳಿಲ್ಲದಿದ್ದರೆ ಕಲಿತದ್ದು ಆಚರಣೆಗೆ ಬಾರದು. ‘ನೀರು ಔಷಧಿ ವಾಸನೆ ಹೊಡೆಯುತ್ತದೆ’ ಎಂದು ಊರವರು ಗದರಿದಾಗ ಆತನ ಪರವಾಗಿ ಮಾತನಾಡುವ ಅಧ್ಯಕ್ಷರೋ ಅಭಿವೃದ್ಧಿ ಅಧಿಕಾರಿಯೋ ಇರಬೇಕು. ಇನ್ನೊಂದು ತೊಡಕು ಫ್ಲೋರೈಡಿನದು. ಪಾವಗಡ, ಕೋಲಾರದಂತಹ ಕಡೆ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ಬಂದ ಮೇಲೆ ನಲ್ಲಿಯ ನೀರು ‘ಬಳಕೆಯ ನೀರು’ ಎನಿಸಿಕೊಂಡು, ಅದರ ಕ್ಲೋರಿನೀಕರಣದ ಕಡೆ ಗಮನ ಕಡಿಮೆಯಾಗುವ ಅಪಾಯವಿದೆ. ಮಕ್ಕಳು ಬಾಯಿ ಮುಕ್ಕಳಿಸುವುದು, ಕೆಲವರಾದರೂ ಕುಡಿಯುವುದು ಅದೇ ನೀರು.

ಕಡೆಯದಾಗಿ ಪರಿಭಾಷೆಯ ಮಾತು. ಕೈಪಿಡಿಗಳು ಬಹುಮಟ್ಟಿಗೆ ಇಂಗ್ಲಿಷಿನಿಂದ ಅನುವಾದಗೊಂಡವು. ಅವುಗಳ ಕನ್ನಡ ನೀರುಗಂಟಿಗೆ ಇಂಗ್ಲಿಷಿನಷ್ಟೇ ದೂರ. ತೂಬು, ಕೋಡಿ, ಸರದಿ, ತಿಳಿ ಮುಂತಾದ ಪದಗಳು ಆತನ ವೃತ್ತಿಯಲ್ಲೇ ಇವೆ. ವಾಲ್ವು, ಸ್ಟಾರ್ಟರು, ಫೇಸುಗಳನ್ನೂ ಆತ ತನ್ನದಾಗಿಸಿಕೊಂಡಿದ್ದಾನೆ. ಜಿಲ್ಲೆಜಿಲ್ಲೆಯ ನೀರುಗಂಟಿಗಳು ನಿಜವಾಗಿ ಆಡುವ ಈ ಮಾತುಗಳನ್ನು ಸಂಗ್ರಹಿಸಿ, ಅವುಗಳಲ್ಲೇ ಚಿತ್ರಸಹಿತ ಕೈಪಿಡಿಯೊಂದನ್ನು ಸಿದ್ಧಪಡಿಸುವುದು ಅಕಾಡೆಮಿ, ವಿಶ್ವವಿದ್ಯಾಲಯ ಹಾಗೂ ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನಲ್ಲಿರುವ ಗ್ರಾಮೀಣಾಭಿವೃದ್ಧಿ ಸಂಸ್ಥೆ ಒಟ್ಟಾಗಿ ಕೈಗೊಳ್ಳಬಹುದಾದ ಕಾರ್ಯ.