ತುರ್ತು ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಿಮೆ: ವರ್ತಕರು ತಿಳಿದಿರಬೇಕಾದ ಕೆಲವು ಅಂಶಗಳು

ದಾಸ್ತಾನಿಗೆ ಬೆಂಕಿ ವಿಮೆ, ಸರಕಿಗೆ ಸಾಗಣೆ ವಿಮೆ, ಯಂತ್ರಗಳಿಗೆ ಪ್ರತ್ಯೇಕ ವಿಮೆ - ಇವುಗಳನ್ನು ಬ್ಯಾಂಕಿನವರ ಒತ್ತಾಯಕ್ಕಾದರೂ ನಮ್ಮ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಮಾಡಿಸಿರುತ್ತಾರೆ. ವ್ಯವಹಾರ ನಡೆಸುವ ಮಾಲೀಕನ ದೇಹದ ವಿಷಯದಲ್ಲಿ ಅಂತಹ ಒತ್ತಾಯ ಮಾಡುವವರಿಲ್ಲ. ಪಾಲಿಸಿ ಇದ್ದರೂ ಅದು ಮಾರ್ಚ್ ಕೊನೆಯ ವಾರದಲ್ಲಿ ತೆರಿಗೆ ಉಳಿತಾಯಕ್ಕೆಂದು ಕೊಂಡದ್ದಾಗಿರುತ್ತದೆ. ನಾನೂ ಹಾಗೆಯೇ ಕೊಂಡವನು.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳಲ್ಲಿ ಆಡಿಟ್ ವರದಿಗಳ ಗಡುವು ಸಮೀಪಿಸಿದ್ದಾಗ, ಹೊಟ್ಟೆನೋವನ್ನು ಎರಡು ದಿನ ಅಲಕ್ಷಿಸಿದೆ. ಮೂರನೆಯ ರಾತ್ರಿ ಆಸ್ಪತ್ರೆ ಸೇರಬೇಕಾಯಿತು. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿದೆ, ಬೆಳಗಿನವರೆಗೆ ಕಾಯುವಂತಿಲ್ಲ ಎಂದರು ವೈದ್ಯರು. ಒಪ್ಪಿಗೆ ಪತ್ರ, ಮುಂಗಡ ಹಣ, ಯಾವ ಕೋಣೆ ಬೇಕೆಂಬ ಪ್ರಶ್ನೆ ಮೂರೂ ಮನೆಯವರ ಮುಂದೆ ಒಟ್ಟಿಗೆ ಬಂದವು. ಪಾಲಿಸಿ ಪತ್ರ ಕಚೇರಿಯ ಕಪಾಟಿನಲ್ಲಿತ್ತು. ಬೀಗದ ಕೈ ಎಲ್ಲಿದೆಯೆಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಳ್ಳೆಯ ಕೋಣೆಯೇ ಇರಲಿ ಎಂದರು ನನ್ನ ಶ್ರೀಮತಿ. ಅವರ ತಪ್ಪೇನೂ ಇಲ್ಲ. ಷರತ್ತುಗಳನ್ನು ನಾನೇ ಓದಿರಲಿಲ್ಲ.

ಆ ಮಾತಿನ ಬೆಲೆಯನ್ನು ದುಂಡು ಅಂಕಿಗಳಲ್ಲಿ ನೋಡೋಣ. ವಿಮಾ ಮೊತ್ತ 3 ಲಕ್ಷ ರೂ.; ಕೋಣೆ ಬಾಡಿಗೆಯ ಮಿತಿ ಅದರ ಶೇ. 1, ಎಂದರೆ ದಿನಕ್ಕೆ 3,000 ರೂ. ತೆಗೆದುಕೊಂಡ ಕೋಣೆ 6,000 ರೂಪಾಯಿಯದು. ಮೂರು ದಿನದ ಬಾಡಿಗೆ 18,000. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಶುಶ್ರೂಷೆ ಮುಂತಾದ ಶುಲ್ಕ 80,000. ಔಷಧಿ ಮತ್ತು ಪರೀಕ್ಷೆಗಳು 62,000. ಒಟ್ಟು 1,60,000 ರೂ. ಬಾಡಿಗೆಯ ವ್ಯತ್ಯಾಸ 9,000 ಮಾತ್ರ ಕೈಯಿಂದ ಹೋಗುತ್ತದೆಂಬುದು ಸಾಮಾನ್ಯ ನಂಬಿಕೆ. ಆದರೆ ಬಾಡಿಗೆ ಮಿತಿಯ ಇಮ್ಮಡಿಯಾದರೆ ವೈದ್ಯರ ಶುಲ್ಕವೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತದೆ. ಔಷಧಿ ಮತ್ತು ಪರೀಕ್ಷೆಗಳಿಗೆ ಈ ಕಡಿತವಿಲ್ಲ. ಹೀಗಾಗಿ ವಿಮೆಯಿಂದ 1,11,000, ನಮ್ಮ ಕೈಯಿಂದ 49,000. ಹೊಸ ಪಾಲಿಸಿಗಳಲ್ಲಿ ಹಲವಕ್ಕೆ ಈ ಮಿತಿಯಿಲ್ಲ; ಹಳೆಯದನ್ನೇ ನವೀಕರಿಸುತ್ತಿರುವವರು ಪರಿಶೀಲಿಸಬೇಕು.

ವಿಮೆಯೇ ಇಲ್ಲದಿದ್ದರೆ ಪೂರ್ಣ ಮೊತ್ತ ದುಡಿಯುವ ಬಂಡವಾಳದಿಂದಲೇ ಹೋಗಬೇಕು. ಮಾಲೀಕನ ಅನಾರೋಗ್ಯದ ಖರ್ಚನ್ನು ವ್ಯಾಪಾರದ ವೆಚ್ಚವೆಂದು ತೋರಿಸಲಾಗದು. ಅದು ಡ್ರಾಯಿಂಗ್ಸ್ ಖಾತೆಗೇ ಸೇರುತ್ತದೆ.

ತುರ್ತು ಸ್ಥಿತಿಯೆಂಬ ಕಾರಣಕ್ಕೆ ಕಾಯುವ ಅವಧಿ ಮನ್ನಾ ಆಗುವುದಿಲ್ಲ. ಅಪಘಾತವನ್ನುಳಿದು ಮೊದಲ 30 ದಿನ ರಕ್ಷಣೆಯಿಲ್ಲ. ಹರ್ನಿಯಾ, ಪಿತ್ತಕೋಶದ ಕಲ್ಲುಗಳಿಗೆ ಸಾಮಾನ್ಯವಾಗಿ 24 ತಿಂಗಳು. ಮೊದಲೇ ಇದ್ದ ಕಾಯಿಲೆಗಳಿಗೆ, 2024ರ ಏಪ್ರಿಲ್‌ನಿಂದ, ಗರಿಷ್ಠ 36 ತಿಂಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಅರ್ಜಿಯಲ್ಲಿ ಮರೆಮಾಚಿದರೆ ಕ್ಲೇಮಿನ ಸಮಯದಲ್ಲಿ ಅದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ತುರ್ತು ದಾಖಲಾತಿಯನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ತಿಳಿಸಬೇಕಾಗುತ್ತದೆ. ಈ ಕೆಲಸ ಮನೆಯವರೇ ಮಾಡಬೇಕಾದದ್ದು.

ತೆರಿಗೆಯ ವಿಚಾರ ಸಂಕ್ಷಿಪ್ತವಾಗಿ: ಹಳೆಯ ಪದ್ಧತಿಯಲ್ಲಿ ಕುಟುಂಬದ ಪ್ರೀಮಿಯಂಗೆ 25,000 ರೂ.ವರೆಗೆ, ಹಿರಿಯ ನಾಗರಿಕರಿದ್ದರೆ 50,000 ರೂ.ವರೆಗೆ ಕಡಿತವುಂಟು; ನಗದಾಗಿ ಕಟ್ಟಿದ್ದಕ್ಕಿಲ್ಲ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವೇ ಇಲ್ಲ. ಆ ಕಾರಣಕ್ಕೆ ಪಾಲಿಸಿ ನಿಲ್ಲಿಸಲು ಹೊರಟ ಕಕ್ಷಿದಾರರನ್ನು ನಾನು ತಡೆದಿದ್ದೇನೆ. ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

ನಮ್ಮ ಪಾಲಿಸಿ ಈಗ ಮನೆಯಲ್ಲಿ, ರೇಷನ್ ಕಾರ್ಡಿನ ಜೊತೆಯಲ್ಲಿದೆ. ಕೋಣೆ ಬಾಡಿಗೆಯ ಮಿತಿಯನ್ನು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.