ನಾಟಕ ಕಂಪನಿ ಸೇರಿದ ಹುಡುಗ

ಮಕ್ಕಳೇ, ಇವತ್ತು ಮಂಚಿಯ ಹುಡುಗನೊಬ್ಬನ ಕಥೆ ಹೇಳುತ್ತೇನೆ. ಮಂಚಿ ದಕ್ಷಿಣ ಕನ್ನಡದ ಬಂಟ್ವಾಳದ ಕಡೆಯ ಹಳ್ಳಿ. ಹುಡುಗನ ಹೆಸರು ವೆಂಕಟರಮಣ, ಹುಟ್ಟಿದ್ದು 1929ರಲ್ಲಿ. ಮುಂದೆ ನಾಡೆಲ್ಲ ಅವರನ್ನು ಬಿ.ವಿ. ಕಾರಂತ ಎಂದು ಕರೆಯಿತು. ಅಜ್ಜನನ್ನು ಕೇಳಿದರೆ, ‘ಚೋಮನ ದುಡಿ’ ಸಿನಿಮಾ ಮಾಡಿದವರಲ್ಲವೇ ಎನ್ನಬಹುದು. ನಾನು ಹೇಳಹೊರಟಿರುವುದು ಅದಕ್ಕೂ ಎಷ್ಟೋ ಹಿಂದಿನ ಮಾತು.

ಮೂರನೇ ತರಗತಿಯಲ್ಲಿದ್ದಾಗ ಅವನು ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದ. ಆಗ ಹಿಡಿದ ನಾಟಕದ ಹುಚ್ಚು ಬಿಡಲೇ ಇಲ್ಲ. ಒಂದು ದಿನ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿಬಿಟ್ಟ! ಈ ಸಂಗತಿ ಓದುವಾಗಲೆಲ್ಲ ನನಗೆ ಹುಡುಗನಿಗಿಂತ ಅವನ ತಾಯಿಯದೇ ಯೋಚನೆ. ಮನೆಮನೆಗೆ ಫೋನ್ ಇಲ್ಲದ ಕಾಲ ಅದು. ನೀವು ಎಲ್ಲಿಗೆ ಹೋದರೂ ಅಮ್ಮನಿಗೆ ಹೇಳಿ ಹೋಗಿ.

ಕಂಪನಿ ಎಂದರೆ ಆಗ ಊರೂರು ತಿರುಗುವ ದೊಡ್ಡ ಸಂಸಾರ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರೂ ಸಣ್ಣ ಹುಡುಗನಾಗಿದ್ದಾಗಲೇ ಅಲ್ಲಿಗೆ ಸೇರಿ, ಆಮೇಲೆ ಮಾಲೀಕರಾದವರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು!

ಅಲ್ಲಿ ಕಲಿಯುವುದಕ್ಕೆ ಕರಿಹಲಗೆ ಇರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಹಿರಿಯರನ್ನು ನೋಡಿಯೇ ಕಲಿಯಬೇಕು. ನಾನು ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಗೆ ಬೇರೊಂದು ಕಂಪನಿ ಬಂದಿತ್ತು. ಬೆಳಿಗ್ಗೆ ಟೆಂಟಿನೊಳಗೆ ಇಣುಕಿದೆ. ರಾತ್ರಿ ಭೀಮನಾಗಿ ಗದೆ ತಿರುಗಿಸಿದವರು ಲುಂಗಿ ಕಟ್ಟಿಕೊಂಡು ಗೂಟ ಬಡಿಯುತ್ತಿದ್ದರು. ಮೂಲೆಯಲ್ಲಿ ನನ್ನದೇ ವಯಸ್ಸಿನ ಹುಡುಗ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ. ಶ್ರುತಿ ತಪ್ಪಿದಾಗಲೆಲ್ಲ ಮೇಷ್ಟ್ರು ಪೆಟ್ಟಿಗೆಯ ಮೇಲೆ ಬೆರಳು ತಟ್ಟುತ್ತಿದ್ದರು. ಮತ್ತೆ ಮೊದಲಿಂದ. ಹಿಂದಿನ ದಿನ ನಾವು ಚಪ್ಪಾಳೆ ಹೊಡೆದು ‘ಒನ್ಸ್ ಮೋರ್’ ಕೂಗಿದ್ದು ಅದೇ ಹಾಡಿಗೆ! ಅಷ್ಟು ಚೆನ್ನಾಗಿ ಹಾಡಿದವನಿಗೂ ಪಾಠ ತಪ್ಪಲಿಲ್ಲ.

ಗುಬ್ಬಿ ಕಂಪನಿಯಲ್ಲಿ ಕಾರಂತರ ಜೊತೆ ಮುತ್ತುರಾಜ್ ಎಂಬ ಇನ್ನೊಬ್ಬರಿದ್ದರು. ಅವರೂ 1929ರಲ್ಲೇ ಹುಟ್ಟಿದವರು. ಅವರೇ ನಮ್ಮ ಡಾ. ರಾಜ್‌ಕುಮಾರ್. 1954ರ ‘ಬೇಡರ ಕಣ್ಣಪ್ಪ’ದಿಂದ ಅವರ ದಾರಿ ಸಿನಿಮಾದ ಕಡೆಗೆ ತಿರುಗಿತು. ಕಾರಂತರನ್ನು ವೀರಣ್ಣನವರು ಕಾಶಿಗೆ ಓದಲು ಕಳಿಸಿದರು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ಇದೇ. ತಮ್ಮ ಕಂಪನಿಯಲ್ಲಿ ಪಳಗಿದ ಹುಡುಗನನ್ನು ಯಾವ ಮಾಲೀಕ ಬಿಟ್ಟುಕೊಡುತ್ತಾನೆ, ಹೇಳಿ?

ಕಾಶಿಯಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಮಾಡಿದರು, ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಅಷ್ಟಾದರೂ ಸಾಲದೆಂದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿದರು. 1962ರಲ್ಲಿ ಅಲ್ಲಿಂದ ಹೊರಬಂದಾಗ ವಯಸ್ಸು ಮೂವತ್ತು ದಾಟಿತ್ತು. ಬಾಲ್ಯದಲ್ಲೇ ಬಣ್ಣ ಹಚ್ಚಿದವರು ಅಲ್ಲಿಯವರೆಗೂ ವಿದ್ಯಾರ್ಥಿಯಾಗಿದ್ದರು!

ಆಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೂ ನಾಟಕ ಕಲಿಸಿದರು. ಟಾಗೋರರ ಗಿಣಿಯ ಕಥೆಯಿಂದ ಅವರು ಮಾಡಿದ ಮಕ್ಕಳ ನಾಟಕ ‘ಪಂಜರ ಶಾಲೆ’. ಗಿಣಿಗೆ ವಿದ್ಯೆ ಕಲಿಸುತ್ತೇವೆಂದು ದೊಡ್ಡವರು ಪಡುವ ಪಾಡು ನೋಡಿಯೇ ನಗಬೇಕು. ವಾರ್ಷಿಕೋತ್ಸವಕ್ಕೆ ಯಾವ ನಾಟಕ ಎಂದು ನಿಮ್ಮ ಮೇಷ್ಟ್ರು ಯೋಚಿಸುತ್ತಿದ್ದರೆ, ಮೆಲ್ಲಗೆ ಈ ಹೆಸರು ಹೇಳಿ ನೋಡಿ.