ಜೇನು ಕೋಣೆಯ ತಳದಲ್ಲಿ ವಜ್ರಾಕೃತಿ

ಒಂದು ಎ4 ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸರಿಯಾಗಿ ಅರ್ಧಕ್ಕೆ ಮಡಚಿ. ಮಡಿಕೆಗಳೆರಡೂ ಕೂಡುವ ಮೂಲೆಯೇ ಹಾಳೆಯ ನಡುಮಧ್ಯ. ಅದನ್ನು ಉಳಿಸಿಕೊಂಡು, ಅದರ ಅಕ್ಕಪಕ್ಕದ ಮೂಲೆಗಳನ್ನು ಸೇರಿಸುವಂತೆ ಓರೆಯಾಗಿ ಕತ್ತರಿಸಿ ಬಿಡಿಸಿ. ಕೈಯಲ್ಲೊಂದು ವಜ್ರಾಕೃತಿ ಇರುತ್ತದೆ.

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಈ ಕಾಗದದಲ್ಲಿ ಕಣ್ಣಿಗೇ ಕಾಣುತ್ತದೆ. ನಾಲ್ಕು ಪದರಗಳನ್ನೂ ಒಟ್ಟಿಗೇ ಕತ್ತರಿಸಿದ್ದರಿಂದ ನಾಲ್ಕು ಬಾಹುಗಳೂ ಸಮ. ಮಡಿಕೆಯ ಗೆರೆಗಳೇ ಕರ್ಣಗಳು. ಒಂದಕ್ಕೊಂದು ಲಂಬ, ಮೂಲೆಯ ಕೋನಗಳನ್ನೂ ಸರಿಪಾಲು ಮಾಡುತ್ತವೆ. ಎದುರುಬದುರು ಕೋನಗಳು ಸಮ, ಅಕ್ಕಪಕ್ಕದವು ಕೂಡಿದರೆ 180 ಡಿಗ್ರಿ. ಹಾಗಾಗಿ ಒಂದು ಕೋನ ತಿಳಿದರೆ ಉಳಿದ ಮೂರೂ ತಿಳಿದಂತೆ. ಕೋನಮಾಪಕ ಇಟ್ಟು ನೋಡಿ: ದೊಡ್ಡದು ಸುಮಾರು 109.5, ಚಿಕ್ಕದು 70.5. ಎ4 ಹಾಳೆಯ ಉದ್ದವು ಅಗಲದ √2ರಷ್ಟು ಇರುವುದರಿಂದಲೇ ಈ ಕೋನ ಬಂದದ್ದು.

ಈಗ ತುಡುವೆ ಜೇನಿನ ಖಾಲಿ ಎರಿಯ ಚೂರೊಂದನ್ನು ಬೆಳಕಿಗೆ ಹಿಡಿದು ಕೋಣೆಯೊಳಗೆ ಇಣುಕಿ. ಆರು ಮೂಲೆಯ ಕೋಣೆಯ ತಳ ಚಪ್ಪಟೆಯಲ್ಲ. ಮೂರು ವಜ್ರಾಕೃತಿಗಳು ಸೇರಿ ಕುಳಿಯಾಗಿವೆ. ಒಂದೊಂದೂ ಎರಿಯ ಹಿಂಬದಿಯ ಬೇರೊಂದು ಕೋಣೆಗೂ ತಳವೇ. ಒಂದೇ ಮೇಣ ಎರಡು ಕಡೆಗೆ ಆಗುತ್ತದೆ. ಕುಳಿಯ ತುದಿಯಲ್ಲಿ ಮೂರು ದೊಡ್ಡ ಕೋನಗಳು ಕೂಡುತ್ತವೆ. ಅವು 120 ಡಿಗ್ರಿಯಾಗಿದ್ದರೆ ಸುತ್ತಲಿನ 360 ತುಂಬಿ ತಳ ಚಪ್ಪಟೆಯಾಗುತ್ತಿತ್ತು. 109.5ರ ಮೂರು ಕೋನಗಳು ಸೇರಿದರೂ 31.5 ಡಿಗ್ರಿ ಕಡಿಮೆ ಬೀಳುತ್ತದೆ. ಕುಳಿ ಬೀಳುವುದು ಆ ಕೊರತೆಯಿಂದ.

ಪ್ಯಾರಿಸ್ಸಿನ ಖಗೋಳಜ್ಞ ಮರಾಲ್ಡಿ 1712ರಲ್ಲಿ ಈ ಕೋನವನ್ನು 109 ಡಿಗ್ರಿ 28 ನಿಮಿಷ ಎಂದು ಹೇಳಿದ್ದರು. ಅತಿ ಕಡಿಮೆ ಮೇಣದಲ್ಲಿ ಇಂಥ ತಳ ಕಟ್ಟಲು ಯಾವ ಕೋನ ಬೇಕೆಂದು ವಿಜ್ಞಾನಿ ರೊಮ್ಯೂರ್ ಗಣಿತಜ್ಞ ಕ್ಯೋನಿಗ್‌ರನ್ನು ಕೇಳಿದರು. 1739ರಲ್ಲಿ ಬಂದ ಉತ್ತರ 109 ಡಿಗ್ರಿ 26 ನಿಮಿಷ. ಎರಡೇ ನಿಮಿಷದ, ಅಂದರೆ ಡಿಗ್ರಿಯ ಮೂವತ್ತನೇ ಒಂದು ಭಾಗದ ವ್ಯತ್ಯಾಸ! 1743ರಲ್ಲಿ ಸ್ಕಾಟ್ಲೆಂಡಿನ ಮೆಕ್ಲಾರಿನ್ ಮತ್ತೆ ಲೆಕ್ಕ ಹಾಕಿದಾಗ 28 ನಿಮಿಷವೇ ಸರಿಯೆಂದು ತೀರ್ಮಾನವಾಯಿತು. ಹಾಗೆಂದು ಜೇನು ಕೋನ ಅಳೆದು ಕಟ್ಟುತ್ತದೆ ಎಂದುಕೊಳ್ಳಬಾರದು. ನಿಜವಾದ ಎರಿಯಲ್ಲಿ ಕೋಣೆಯಿಂದ ಕೋಣೆಗೆ ಕೋನ ತುಸು ಹೆಚ್ಚುಕಡಿಮೆ ಇರುತ್ತದೆ.

ಇದಕ್ಕಿಂತ ಮಿತವ್ಯಯದ ತಳವೂ ಸಾಧ್ಯವೆಂದು 1964ರಲ್ಲಿ ಹಂಗೇರಿಯ ಫೆಯೆಶ್ ತೋತ್ ತೋರಿಸಿದರು. ಆದರೆ ಅದರಿಂದ ಉಳಿಯುವುದು ಕೋಣೆಯ ಬಾಯಿಯ ವಿಸ್ತೀರ್ಣದ ಶೇ. 0.35ಕ್ಕೂ ಕಡಿಮೆ. ಅಷ್ಟಕ್ಕಾಗಿ ಇನ್ನೂ ಜಟಿಲವಾದ ತಳ ಕಟ್ಟದಿದ್ದರೆ ಜೇನಿಗೆ ನಷ್ಟವೇನಿಲ್ಲ ಎಂದೇ ನನ್ನ ಎಣಿಕೆ.

ನೀವು ಕತ್ತರಿಸಿದ ವಜ್ರಾಕೃತಿಯನ್ನು ಎಸೆಯಬೇಡಿ. ಇಂಥವೇ ಇನ್ನೆರಡು ಮಾಡಿ, ಮೂರರ ದೊಡ್ಡ ಕೋನಗಳನ್ನೂ ಒಂದೆಡೆ ತಂದು ಬಾಹುಗಳನ್ನು ಅಂಟಿಸಿ. ಜೇನು ಕೋಣೆಯ ತಳ ನಿಮ್ಮ ಮೇಜಿನ ಮೇಲಿರುತ್ತದೆ.